ಅವ್ವನ ಹಲ್ಲಿನ ಕ್ಯಾಪ್ ಮೂರನೇ ಸಲ ಕಳಚಿತು. ಸಿಮೆಂಟು ಸರಿಯಿಲ್ಲವೋ, ಹಲ್ಲೇ ಸರಿಯಿಲ್ಲವೋ?

ತುಂಗಭದ್ರಾ ದಂಡೆ (ಸಿಂಧನೂರು):
ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 58 ವರ್ಷ. ಹೋದ ವರ್ಷ ಎಡಗಡೆ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಮೆಟಲ್ ಕ್ಯಾಪ್ ಹಾಕಿಸಿದೆವು. ಎಂಟು ತಿಂಗಳಲ್ಲಿ ಮೂರು ಸಲ ಕಳಚಿದೆ. ಮೊದಲ ಸಲ ಶೇಂಗಾ ಚಿಕ್ಕಿ ತಿನ್ನುವಾಗ. ಎರಡನೇ ಸಲ ಖಡಕ್ ರೊಟ್ಟಿ. ಮೊನ್ನೆ ಬರೀ ಅನ್ನ ಸಾರು ಉಣ್ಣುವಾಗ ಬಾಯಲ್ಲಿ ಟಣ್ ಅಂತ ಸಿಕ್ಕಿತು. ಪುಣ್ಯಕ್ಕೆ ನುಂಗಲಿಲ್ಲ.

ಹಾಕಿದ ಕ್ಲಿನಿಕ್ಕಿಗೆ ಎರಡು ಸಲ ಹೋದೆವು. ಎರಡೂ ಸಲ ಐದೇ ನಿಮಿಷದಲ್ಲಿ ಏನೋ ಕಲಸಿ, ಒತ್ತಿ ಕೂರಿಸಿ ಕಳಿಸಿದರು. ಯಾಕೆ ಬೀಳುತ್ತಿದೆ ಅಂತ ಕೇಳಿದರೆ "ಗಟ್ಟಿ ತಿನ್ನಬೇಡಿ" ಅನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ನಮ್ಮ ಕಡೆ ರೊಟ್ಟಿ ಬಿಟ್ಟು ಹೇಗೆ ಬದುಕುವುದು ಹೇಳಿ? ಈಗ ನಮ್ಮ ಕಾಕಾ ಫೆವಿಕ್ವಿಕ್ ಹಚ್ಚಿ ಕೂರಿಸೋಣ ಅನ್ನುತ್ತಿದ್ದಾರೆ. ನಾನು ಬೇಡ ಅಂತ ತಡೆದಿದ್ದೇನೆ. ತಿಳಿದವರು ಹೇಳಿ. ಒಳ್ಳೆ ಸಿಮೆಂಟು ಅಂತ ಬೇರೆ ಇರುತ್ತದಾ? ಯಾವುದು ಅಂತ ನಾವೇ ಕೇಳಿ ಹಾಕಿಸಬಹುದಾ?

ಕುಷ್ಟಗಿ ಟೀಚರ್ (ಕೊಪ್ಪಳ ಜಿಲ್ಲೆ):
ತಮ್ಮಾ, ತಡೆದಿದ್ದು ಬಹಳ ಒಳ್ಳೆಯದಾಯಿತು. ನಮ್ಮ ಪಕ್ಕದ ಮನೆಯವರು ಹಾಗೇ ಗೋಂದು ಹಚ್ಚಿಕೊಂಡು ಆಮೇಲೆ ಬಾಯಿ ಮುಚ್ಚಲಾಗದೆ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಡಾಕ್ಟರುಗಳು ಬರೆಯಲಿ, ನಾನೂ ಒಂದು ಪ್ರಶ್ನೆ ಇಟ್ಟುಕೊಂಡು ಕೂತಿದ್ದೇನೆ.

ಗಾಜಿನ ಹಲಗೆ (ರಾಯಚೂರು, ಹಲ್ಲಿನ ವೈದ್ಯ):
ಮೊದಲು ಗೋಂದಿನ ಮಾತು ಮುಗಿಸುತ್ತೇನೆ. ಅದು ಒದ್ದೆ ತಾಗಿದ ಕೂಡಲೇ ಬಿಗಿಯುತ್ತದೆ. ಬಿಗಿಯುವಾಗ ಬಿಸಿಯಾಗುತ್ತದೆ. ಕ್ಯಾಪ್ ಪೂರ್ತಿ ಕೆಳಗಿಳಿಯುವ ಮೊದಲೇ ಗಟ್ಟಿಯಾಗಿ, ಕಚ್ಚಿದಾಗ ಆ ಒಂದೇ ಹಲ್ಲು ಎತ್ತರ ತಾಗುತ್ತದೆ. ಆಮೇಲೆ ನಾವು ಕ್ಯಾಪನ್ನು ಕೊಯ್ದೇ ತೆಗೆಯಬೇಕಾಗುತ್ತದೆ, ಅದನ್ನು ಮತ್ತೆ ಬಳಸಲು ಬರುವುದಿಲ್ಲ. ದಯವಿಟ್ಟು ಬೇಡ. ಕ್ಯಾಪನ್ನು ತೊಳೆದು ಒಂದು ಸಣ್ಣ ಡಬ್ಬಿಯಲ್ಲಿಡಿ. ಹಲ್ಲಿನ ಮೇಲೆ ಸುಮ್ನೆ ಕೂರಿಸಿಕೊಂಡು ಮಲಗಲು ಮಾತ್ರ ಬಿಡಬೇಡಿ. ನಿದ್ದೆಯಲ್ಲಿ ಶ್ವಾಸನಾಳಕ್ಕೆ ಜಾರಿದರೆ ಅದು ದೊಡ್ಡ ಅಪಾಯ.

ಈಗ ನಿಮ್ಮ ಪ್ರಶ್ನೆ. ಕ್ಯಾಪನ್ನು ಸಿಮೆಂಟು ಅಂಟಿಸಿ ಹಿಡಿದಿರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಮೆಟಲ್ ಕ್ಯಾಪಿನಲ್ಲಿ ಹಾಗಲ್ಲ. ಅರೆದು ಉಳಿಸಿದ ಹಲ್ಲಿನ ಬೊಡ್ಡೆಯ ಆಕಾರವೇ ಅದನ್ನು ಹಿಡಿಯುತ್ತದೆ. ಕೊಡಲಿಗೆ ಕಾವು ಕೂರಿಸಿದ ಹಾಗೆ. ಕಾವು ಸಡಿಲವಿದ್ದರೆ ಯಾವ ಗೋಂದು ಹಾಕಿದರೂ ನಾಲ್ಕು ಏಟಿಗೆ ಕಳಚುತ್ತದೆ. ಸಿಮೆಂಟಿನ ಕೆಲಸ ನಡುವಿನ ಸಂದು ತುಂಬಿ, ಎಂಜಲು ಒಳಗೆ ನುಗ್ಗದ ಹಾಗೆ ಮುಚ್ಚುವುದು. ಆ ಪದರ 25 ಮೈಕ್ರಾನ್ ಮೀರಬಾರದು ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ. ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ.

ದವಡೆ ಹಲ್ಲಿನ ಬೊಡ್ಡೆ ಕಡಿಮೆ ಅಂದರೂ 4 ಮಿಲಿಮೀಟರ್ ಎತ್ತರ ಇರಬೇಕು. ಗೋಡೆಗಳು ಹೆಚ್ಚುಕಡಿಮೆ ನೇರ ನಿಂತಿರಬೇಕು. ಭತ್ತದ ರಾಶಿಯ ಹಾಗೆ ಮೇಲಕ್ಕೆ ಚೂಪಾಗಿ ಅರೆದಿದ್ದರೆ ಕ್ಯಾಪ್ ಜಾರುತ್ತದೆ.

ನೀವು ಮನೆಯಲ್ಲೇ ಎರಡು ವಿಷಯ ನೋಡಿ ಹೇಳಿ. ಒಂದು, ಬಿದ್ದ ಕ್ಯಾಪಿನ ಒಳಗೆ ಬಿಳಿ ಸಿಮೆಂಟು ಪೂರ್ತಿ ಉಳಿದಿದೆಯಾ, ಅಥವಾ ಒಳಗೆಲ್ಲ ಮೆಟಲ್ ಹೊಳೆಯುತ್ತಿದ್ದು ಸಿಮೆಂಟು ಹಲ್ಲಿನ ಮೇಲಿದೆಯಾ? ಎರಡು, ಕ್ಯಾಪಿಗೆ ಕೆಟ್ಟ ವಾಸನೆ ಇದೆಯಾ? ರೂಟ್ ಕೆನಾಲ್ ಆದ ಹಲ್ಲಿಗೆ ನೋವು ಗೊತ್ತಾಗುವುದಿಲ್ಲ. ಒಳಗೆ ಹುಳುಕು ಸೇರಿದರೂ ಅದು ಸುಮ್ಮನಿರುತ್ತದೆ. ವಾಸನೆಯೇ ಮೊದಲ ಸುಳಿವು.

ತುಂಗಭದ್ರಾ ದಂಡೆ:
ಸರ್, ಈಗಲೇ ನೋಡಿದೆ. ಸಿಮೆಂಟು ಎಲ್ಲಾ ಕ್ಯಾಪಿನ ಒಳಗೇ ಇದೆ. ಹಲ್ಲು ಬೋಳಾಗಿದೆ. ವಾಸನೆ ಇದೆ, ಸ್ವಲ್ಪ ಅಲ್ಲ, ಜಾಸ್ತಿಯೇ ಇದೆ. ಟಾರ್ಚ್ ಹಾಕಿ ನೋಡಿದರೆ ನಾಲಿಗೆ ಕಡೆ ಹಲ್ಲು ಕಪ್ಪಗೆ ಕಾಣುತ್ತದೆ. ಎತ್ತರ ಅಂತೂ ಅಕ್ಕಿ ಕಾಳು ಅಡ್ಡ ಇಟ್ಟಷ್ಟೇ ಇದೆ.

ಗಾಜಿನ ಹಲಗೆ:
ಹಾಗಾದರೆ ಇದು ಸಿಮೆಂಟು ಬದಲಿಸಿ ಮುಗಿಯುವ ಕೆಲಸ ಅಲ್ಲ. ಮೆಟಲ್ ಕಡೆ ಹಿಡಿತ ಸರಿಯಿದೆ, ಹಲ್ಲಿನ ಕಡೆ ಬಿಟ್ಟಿದೆ. ಹುಳುಕು ಹಿಡಿದ ಮೆತ್ತನೆ ಹಲ್ಲಿನ ಮೇಲೆ ಯಾವುದೂ ನಿಲ್ಲುವುದಿಲ್ಲ. ಮೂರನೇ ಸಲವೂ ಐದು ನಿಮಿಷದಲ್ಲಿ ಒತ್ತಿಸಿಕೊಂಡು ಬರಬೇಡಿ. ಹುಳುಕು ತೆಗೆಯಬೇಕು, ಎಕ್ಸ್‌ರೇ ತೆಗೆದು ಬೇರು ನೋಡಬೇಕು, ಬೊಡ್ಡೆ ಕಟ್ಟಬೇಕು. ರಾಯಚೂರಿನಲ್ಲಿ ನವೋದಯ, ಎಎಂಇ ಅಂತ ಎರಡು ಡೆಂಟಲ್ ಕಾಲೇಜುಗಳಿವೆ. ಬಳ್ಳಾರಿಯಲ್ಲಿ ಸರ್ಕಾರಿ ಡೆಂಟಲ್ ಕಾಲೇಜಿದೆ. ಕಾಲೇಜಿನಲ್ಲಿ ಕ್ಯಾಪಿನ ವಿಭಾಗವೇ ಬೇರೆ ಇರುತ್ತದೆ, ಸಮಯ ಕೊಟ್ಟು ನೋಡುತ್ತಾರೆ. ದಿನ ಹೋಗುತ್ತದೆ, ಆದರೆ ಹೋಗಿ ಬನ್ನಿ.

ಬಿಡಿಎಸ್ ಕೊನೇ ವರ್ಷ (ಬಳ್ಳಾರಿ):
ಸರ್, ನಿಮ್ಮ ಹೆಸರು ನೋಡಿಯೇ ಕೇಳುತ್ತಿದ್ದೇನೆ. ನೀವು ಇನ್ನೂ ಗಾಜಿನ ಹಲಗೆಯ ಮೇಲೆ ಹಳೇ ಜಿಂಕ್ ಫಾಸ್ಫೇಟ್ ಸಿಮೆಂಟು ಕಲಸುತ್ತೀರಾ? ನಮಗೆ ರೆಸಿನ್ (ಪ್ಲಾಸ್ಟಿಕ್ ಜಾತಿಯ ಅಂಟು) ಸಿಮೆಂಟಿನ ಬಗ್ಗೆ ಜಾಸ್ತಿ ಪಾಠ ಆಗುತ್ತದೆ. ಹಳೆಯದನ್ನು ಪರೀಕ್ಷೆಗೆ ಕಲಸಿ ಬಿಟ್ಟೆವು ಅಷ್ಟೇ.

ಗಾಜಿನ ಹಲಗೆ:
ಹೌದಪ್ಪಾ, ಕಲಸುತ್ತೇನೆ. ಎಲ್ಲಾ ಕೇಸಿಗೂ ಅಲ್ಲ. ಆದರೆ ಅದನ್ನು ಕಲಿತ ಕೈ ಬೇರೆ ಎಲ್ಲವನ್ನೂ ಚೆನ್ನಾಗಿ ಕಲಸುತ್ತದೆ ಅಂತ ನನ್ನ ನಂಬಿಕೆ.

ಪುಡಿ ಅಂದರೆ ಮುಖ್ಯವಾಗಿ ಜಿಂಕ್ ಆಕ್ಸೈಡ್, ಜೊತೆಗೆ ಸ್ವಲ್ಪ ಮೆಗ್ನೀಷಿಯಂ ಆಕ್ಸೈಡ್. ದ್ರವ ಅಂದರೆ ನೀರು ಬೆರೆತ ಫಾಸ್ಫಾರಿಕ್ ಆಮ್ಲ. ಎರಡೂ ಸೇರಿದರೆ ಬಿಸಿ ಹುಟ್ಟುತ್ತದೆ. ಆ ಬಿಸಿಯೇ ಅದನ್ನು ಬೇಗ ಗಟ್ಟಿ ಮಾಡುತ್ತದೆ. ಅದಕ್ಕೇ ದಪ್ಪ ಗಾಜಿನ ಹಲಗೆ, ತಣ್ಣಗೆ ಮಾಡಿದ್ದು. ಪುಡಿಯನ್ನು ಪಾಲು ಮಾಡಿ, ಮೊದಲು ಚಿಟಿಕೆ ಚಿಟಿಕೆ ಸೇರಿಸಿ, ಹಲಗೆಯ ತುಂಬ ಹರಡಿ ಹರಡಿ ಕಲಸಬೇಕು. ಒಟ್ಟು ಒಂದೂವರೆ ನಿಮಿಷ. ಕೊನೆಗೆ ಚಮಚೆ ಎತ್ತಿದರೆ ಶೇಂಗಾ ಉಂಡಿಗೆ ತೆಗೆಯುವ ಬೆಲ್ಲದ ಪಾಕದ ಹಾಗೆ ಎಳೆ ಬರಬೇಕು. ಎಳೆ ಒಂದೂವರೆ ಎರಡು ಸೆಂಟಿಮೀಟರ್ ಎದ್ದು ಕಡಿಯಬೇಕು. ನಮ್ಮ ಅವ್ವ ಪಾಕದ ಹದ ನೋಡುವುದನ್ನು ನೋಡಿ ಬೆಳೆದವನು ನಾನು. ಕಾಲೇಜಿನಲ್ಲಿ ಇದನ್ನು ಕಲಿಸಿದಾಗ ಹೊಸದು ಅನ್ನಿಸಲೇ ಇಲ್ಲ.

ನಮ್ಮ ಊರಿನ ಸೆಖೆಯನ್ನು ಇಲ್ಲಿ ಮರೆಯಬಾರದು. ಮೇ ತಿಂಗಳಲ್ಲಿ ರಾಯಚೂರು 42 ಡಿಗ್ರಿ ದಾಟುತ್ತದೆ. ಹಲಗೆ ಇರಬೇಕಾದ್ದು ಸುಮಾರು 21 ಡಿಗ್ರಿಯಲ್ಲಿ. ಕರೆಂಟು ಹೋಗಿ ಎಸಿ ನಿಂತ ಮಧ್ಯಾಹ್ನ ಬಿಸಿ ಹಲಗೆಯ ಮೇಲೆ ಕಲಸಿದರೆ ಸಿಮೆಂಟು ಕೈಯಲ್ಲೇ ದಪ್ಪವಾಗುತ್ತದೆ. ಕ್ಯಾಪ್ ಪೂರ್ತಿ ಕೂರುವುದಿಲ್ಲ, ಅಂಚಿನಲ್ಲಿ ಸಂದು ಉಳಿಯುತ್ತದೆ. ಆ ಸಂದಿನಿಂದಲೇ ಮುಂದೆ ಹುಳುಕು. ಹಾಗಂತ ಹಲಗೆಯನ್ನು ಫ್ರಿಜ್ಜಿನಿಂದ ತೆಗೆದು ನೇರ ಬಳಸಿದರೂ ತಪ್ಪು. ಮಳೆಗಾಲದಲ್ಲಿ ತಣ್ಣನೆ ಗಾಜಿನ ಮೇಲೆ ಹನಿ ಕೂರುತ್ತದೆ, ಆ ನೀರು ಸಿಮೆಂಟಿಗೆ ಸೇರಿ ಬಲ ಕಡಿಮೆಯಾಗುತ್ತದೆ. ಒರೆಸಿ, ಹನಿ ಮತ್ತೆ ಬರುವುದಿಲ್ಲ ಅಂತ ನೋಡಿಕೊಂಡು ಕಲಸಬೇಕು. ದ್ರವದ ಬಾಟಲಿಯ ಮುಚ್ಚಳ ತೆರೆದಿಟ್ಟರೂ ಅಷ್ಟೇ, ನೀರಿನ ಪ್ರಮಾಣ ಏರುಪೇರಾಗುತ್ತದೆ. ದ್ರವ ಮಸುಕಾಗಿದ್ದರೆ ಚೆಲ್ಲಬೇಕು. ಉಳಿದಿದೆ ಅಂತ ಬಳಸಬಾರದು.

ಅದರ ಕೊರತೆಯನ್ನೂ ಹೇಳುತ್ತೇನೆ. ಅದು ಹಲ್ಲಿಗೆ ರಾಸಾಯನಿಕವಾಗಿ ಅಂಟುವುದೇ ಇಲ್ಲ. ಒರಟು ಮೈಗಳ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ ಅಷ್ಟೇ. ಕಲಸಿದ ಹೊಸತರಲ್ಲಿ ಹುಳಿ ಜಾಸ್ತಿ, ಜೀವ ಇರುವ ಹಲ್ಲಿಗೆ ಜುಮ್ ಅನ್ನುತ್ತದೆ. ಹಲ್ಲಿಗೆ ಅಂಟುವ ಮೊದಲ ಸಿಮೆಂಟು 1968ರಲ್ಲಿ ಡೆನ್ನಿಸ್ ಸ್ಮಿತ್ ಮಾಡಿದ ಜಿಂಕ್ ಪಾಲಿಕಾರ್ಬಾಕ್ಸಿಲೇಟ್. ಆಮೇಲೆ ಲಂಡನ್ನಿನ ಸರ್ಕಾರಿ ಪ್ರಯೋಗಾಲಯದ ವಿಲ್ಸನ್ ಮತ್ತು ಕೆಂಟ್ ಗ್ಲಾಸ್ ಅಯಾನೊಮರ್ ತಂದರು, 1970ರ ದಶಕದ ಶುರುವಿನಲ್ಲಿ. ಇವತ್ತು ನಮ್ಮ ಕಡೆ ಮೆಟಲ್ ಕ್ಯಾಪಿಗೆ ಬಹುಪಾಲು ಬಳಸುವುದು ಇದನ್ನೇ. ನುಣ್ಣಗೆ ಪುಡಿ ಮಾಡಿದ ಗಾಜು, ಪಾಲಿಅಕ್ರಿಲಿಕ್ ಆಮ್ಲ. ಹಲ್ಲಿನ ಕ್ಯಾಲ್ಸಿಯಂಗೆ ಹಿಡಿದುಕೊಳ್ಳುತ್ತದೆ. ಆದರೆ ಮೊದಲ ಕೆಲವು ನಿಮಿಷ ಎಂಜಲು ತಾಗಿದರೆ ಕೆಟ್ಟಿತು. ಪೂರ್ತಿ ಹದಕ್ಕೆ ಬರಲು ಒಂದು ದಿನ ಬೇಕು. ಐದು ನಿಮಿಷದಲ್ಲಿ ಎಬ್ಬಿಸಿ ಕಳಿಸುವುದು ನನಗೆ ಸಿಟ್ಟು ತರಿಸುವುದು ಇದಕ್ಕೇ. ಹತ್ತಿ ಇಟ್ಟು, ಹಲ್ಲು ಒಣಗಿಸಿ, ಹತ್ತು ನಿಮಿಷ ಕಾಯುವುದು ದೊಡ್ಡ ಕೆಲಸ ಅಲ್ಲ.

ಕುಷ್ಟಗಿ ಟೀಚರ್:
ಈಗ ನನ್ನ ಪ್ರಶ್ನೆ. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಕಥೆ ಎಲ್ಲರಿಗೂ ಗೊತ್ತು. ನನ್ನ ತರಗತಿಯಲ್ಲಿ ಮಕ್ಕಳು ನಕ್ಕರೆ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದಂಥ ಬಿಳಿ ಮಚ್ಚೆ. ಕೆಲವು ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ನನ್ನ ದೊಡ್ಡ ಮಗಳಿಗೂ ಅದೇ ಇದೆ. ಅವಳಿಗೆ ಹಲ್ಲು ಸರಿ ಮಾಡಲು ಕ್ಲಿಪ್ ಹಾಕಿಸಿದ್ದೇವೆ. ಅಂಟಿಸಿದ ಬ್ರಾಕೆಟ್‌ಗಳು ಪದೇ ಪದೇ ಬೀಳುತ್ತಿವೆ. ಜೊತೆಗೆ ಹಾಕಿಸಿದ ಅವಳ ಗೆಳತಿಗೆ ಒಂದೂ ಬಿದ್ದಿಲ್ಲ, ಅವಳ ಹಲ್ಲು ಚೆನ್ನಾಗಿದೆ. ನೀರಿಗೂ ಇದಕ್ಕೂ ಸಂಬಂಧ ಇದೆಯಾ ಸರ್?

ಗಾಜಿನ ಹಲಗೆ:
ಇದೆ ಮೇಡಂ. ನೇರ ಸಂಬಂಧವೇ ಇದೆ. ನಮ್ಮ ಮೂರು ಜಿಲ್ಲೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಹಲ್ಲಿನ ಡಾಕ್ಟರೂ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು.

ಹಲ್ಲಿನ ಹೊರ ಕವಚಕ್ಕೆ ಆಮ್ಲ ಹಚ್ಚಿ ಒರಟು ಮಾಡಿ, ಅದರ ಮೇಲೆ ರೆಸಿನ್ ಅಂಟಿಸುವ ದಾರಿಯನ್ನು 1955ರಲ್ಲಿ ಮೈಕಲ್ ಬೂನೊಕೋರ್ ತೋರಿಸಿದರು. ಅವರು ಬಳಸಿದ್ದು 85 ಶೇಕಡಾ ಫಾಸ್ಫಾರಿಕ್ ಆಮ್ಲ. ಈಗ 37 ಶೇಕಡಾ ಇರುವ ನೀಲಿ ಜೆಲ್ ಸಾಮಾನ್ಯ. ಹದಿನೈದರಿಂದ ಮೂವತ್ತು ಸೆಕೆಂಡು ಇಟ್ಟು ತೊಳೆದರೆ ಕವಚದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಳಿಗಳಾಗುತ್ತವೆ. ರೆಸಿನ್ ಅದರೊಳಗೆ ಇಳಿದು ಬೇರು ಬಿಟ್ಟ ಹಾಗೆ ಹಿಡಿಯುತ್ತದೆ.

ಫ್ಲೋರೈಡ್ ಜಾಸ್ತಿ ಕುಡಿದು ಬೆಳೆದ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಬೇಗ ಕರಗುವುದಿಲ್ಲ. ಉಳಿದವರಿಗೆ ಸಾಕಾಗುವ ಹೊತ್ತು ಇವರಿಗೆ ಸಾಲುವುದಿಲ್ಲ. ಗುಳಿ ಆಳವಾಗಿ ಬೀಳುವುದಿಲ್ಲ, ಹಿಡಿತ ಸಿಗುವುದಿಲ್ಲ. ಸಮಸ್ಯೆ ಜಾಸ್ತಿ ಇರುವ ಹಲ್ಲಿನಲ್ಲಿ ಆ ಗಟ್ಟಿ ಪದರದ ಕೆಳಗೆ ಕವಚ ಟೊಳ್ಳಾಗಿರುತ್ತದೆ, ಹಾಗಾಗಿ ಬ್ರಾಕೆಟ್ ಬೀಳುವಾಗ ಕವಚದ ಚೂರನ್ನೂ ಕಿತ್ತುಕೊಂಡು ಬರಬಹುದು. ಮಗಳ ಬ್ರಾಕೆಟ್ ಬಿದ್ದರೆ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಅದರ ಬೆನ್ನು ನೋಡಿದರೆ ಎಲ್ಲಿ ಬಿಟ್ಟಿದೆ ಅಂತ ಅವರಿಗೆ ಗೊತ್ತಾಗುತ್ತದೆ.

ಏನು ಮಾಡಬಹುದು ಅಂದರೆ, ಆಮ್ಲ ಇಡುವ ಹೊತ್ತು ಹೆಚ್ಚಿಸಬಹುದು. ಅಥವಾ ಮೊದಲು ಮೇಲ್ಪದರವನ್ನು ತೆಳ್ಳಗೆ ಉಜ್ಜಿ ಆಮೇಲೆ ಆಮ್ಲ ಇಡಬಹುದು. ತೊಳೆದು ಒಣಗಿಸಿದಾಗ ಹಲ್ಲು ಸೀಮೆಸುಣ್ಣ ಬಳಿದ ಹಾಗೆ ಮಂಕು ಬಿಳಿಯಾಗಿ ಕಾಣಬೇಕು. ಇನ್ನೂ ಹೊಳೆಯುತ್ತಿದ್ದರೆ ಆಮ್ಲ ಹಿಡಿದಿಲ್ಲ ಅಂತ ಅರ್ಥ. ನಿಮ್ಮ ಡಾಕ್ಟರಿಗೆ "ಇವಳು ಕುಷ್ಟಗಿ ಕಡೆಯ ಬೋರ್ ನೀರು ಕುಡಿದು ಬೆಳೆದವಳು" ಅಂತ ನೀವೇ ಹೇಳಿ. ಒಳ್ಳೆ ಡಾಕ್ಟರಿಗೆ ಅಷ್ಟು ಸಾಕು.

ಕುಷ್ಟಗಿ ಟೀಚರ್:
ಚಿಕ್ಕ ಮಗಳಿಗೆ ಐದು ವರ್ಷ. ಅವಳಿಗೆ ಏನು ಮಾಡಲಿ? ನೀರು ಕುದಿಸಿಯೇ ಕೊಡುತ್ತೇನೆ.

ಗಾಜಿನ ಹಲಗೆ:
ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಮೇಡಂ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಜಾಸ್ತಿಯೇ ಆಗುತ್ತದೆ. ನೀರನ್ನು ಪರೀಕ್ಷೆ ಮಾಡಿಸಿ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ಆರ್‌ಒ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ಇರುವ ಫಿಲ್ಟರ್ ಅದನ್ನು ಕಡಿಮೆ ಮಾಡುತ್ತದೆ. ಶುದ್ಧವಾಗಿ ಹಿಡಿದಿಟ್ಟ ಮಳೆ ನೀರೂ ಆಗುತ್ತದೆ. ಹಲ್ಲಿನ ಕವಚ ದವಡೆಯೊಳಗೆ ತಯಾರಾಗುವ ಹೊತ್ತಿನಲ್ಲಿ ಮಾತ್ರ ಈ ಮಚ್ಚೆ ಬೀಳುತ್ತದೆ, ಕಾಣುವ ಹಲ್ಲುಗಳಿಗೆ ಸುಮಾರು ಎಂಟು ವರ್ಷದವರೆಗೆ. ಚಿಕ್ಕವಳಿಗೆ ಇನ್ನೂ ಸಮಯ ಇದೆ. ಇವತ್ತೇ ನೀರು ಬದಲಿಸಿ.

ತುಂಗಭದ್ರಾ ದಂಡೆ:
ಸರ್, ಮಧ್ಯೆ ಒಂದು ಮಾತು. ಗ್ಲಾಸ್ ಅಯಾನೊಮರ್ ಸಿಮೆಂಟು ಫ್ಲೋರೈಡ್ ಬಿಡುತ್ತದೆ ಅಂತ ಓದಿದೆ. ನಮ್ಮಂಥ ಊರಿನವರು ಅದನ್ನು ಹಾಕಿಸಬಹುದಾ?

ಗಾಜಿನ ಹಲಗೆ:
ಧೈರ್ಯವಾಗಿ ಹಾಕಿಸಿ. ಅದು ಬಿಡುವುದು ತೀರಾ ಸ್ವಲ್ಪ, ಅದೂ ಕ್ಯಾಪಿನ ಅಂಚಿನ ಆಸುಪಾಸಿನಲ್ಲಿ. ದಿನಾ ಲೀಟರುಗಟ್ಟಲೆ ಕುಡಿಯುವ ನೀರಿನ ಜೊತೆ ಅದನ್ನು ಹೋಲಿಸಲು ಬರುವುದಿಲ್ಲ.

ಎರಕದ ಮನೆ (ಬಳ್ಳಾರಿ, ಡೆಂಟಲ್ ಲ್ಯಾಬ್):
ಡಾಕ್ಟರ್ ಸಾಹೇಬರು ಹಲ್ಲಿನ ಕಡೆಯಿಂದ ಹೇಳಿದರು. ನಾನು ಕ್ಯಾಪಿನ ಕಡೆಯಿಂದ ಹೇಳುತ್ತೇನೆ. ಕ್ಯಾಪ್ ಮಾಡುವವರು ಯಾರು ಅಂತ ಪೇಷಂಟುಗಳಿಗೆ ಗೊತ್ತೇ ಇರುವುದಿಲ್ಲ. ಅದು ನಮ್ಮಂಥವರ ಕೈಯಿಂದ ಬರುತ್ತದೆ.

ಡಾಕ್ಟರ್ ಕಳಿಸಿದ ಅಳತೆಗೆ, ಅಂದರೆ ಬಾಯಲ್ಲಿ ಒತ್ತಿ ತೆಗೆದ ಪಡಿಯಚ್ಚಿಗೆ, ಗಟ್ಟಿ ಗಿಪ್ಸಂ ಹೊಯ್ದು ಹಲ್ಲಿನ ಅಚ್ಚು ತೆಗೆಯುತ್ತೇವೆ. ಅಚ್ಚಿನ ಮೇಲೆ ತೆಳ್ಳಗೆ ಒಂದು ಬಣ್ಣ ಬಳಿಯುತ್ತೇವೆ, ಅಂಚಿನ ಹತ್ತಿರ ಒಂದು ಮಿಲಿಮೀಟರ್ ಬಿಟ್ಟು. ಆ ಬಣ್ಣದ ದಪ್ಪವೇ ಮುಂದೆ ಸಿಮೆಂಟಿಗೆ ಸಿಗುವ ಜಾಗ. ಅದರ ಮೇಲೆ ಮೇಣದಲ್ಲಿ ಹಲ್ಲು ಕಟ್ಟುತ್ತೇವೆ. ಮೇಣದ ಸುತ್ತ ಬೆಂಕಿ ತಡೆಯುವ ಪುಡಿಯನ್ನು ಕಲಸಿ ಹೊಯ್ದು, ಕುಲುಮೆಯಲ್ಲಿ ಕಾಯಿಸಿ ಮೇಣ ಸುಟ್ಟು ಹೋಗುವ ಹಾಗೆ ಮಾಡಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ನುಗ್ಗಿಸುತ್ತೇವೆ. ಕಂಚಿನ ಮೂರ್ತಿ ಎರಕ ಹೊಯ್ಯುವವರ ದಾರಿಯೇ ಇದು. ಹಲ್ಲಿನ ಕೆಲಸದಲ್ಲಿ ಇದನ್ನು ಚಾಲ್ತಿಗೆ ತಂದವರು ಅಮೆರಿಕದ ಟ್ಯಾಗರ್ಟ್, 1907ರಲ್ಲಿ.

ಈಗ ಸೂಕ್ಷ್ಮ ವಿಷಯ. ನಿಕ್ಕಲ್ ಕ್ರೋಮಿಯಂ ಲೋಹ ಕರಗಲು ಸುಮಾರು 1300 ಡಿಗ್ರಿ ಬೇಕು. ಅಷ್ಟು ಬಿಸಿಯಿಂದ ತಣ್ಣಗಾಗುವಾಗ ಲೋಹ ಕುಗ್ಗುತ್ತದೆ. ಆ ಕುಗ್ಗುವಿಕೆಗೆ ಸರಿಯಾಗಿ ಸುತ್ತಲಿನ ಅಚ್ಚು ಮೊದಲೇ ಹಿಗ್ಗಿರಬೇಕು. ಪುಡಿಗೆ ಹಾಕುವ ದ್ರವದ ಅಳತೆ ಸ್ವಲ್ಪ ತಪ್ಪಿದರೂ ಕ್ಯಾಪ್ ಬಿಗಿಯಾಗುತ್ತದೆ, ಇಲ್ಲವೇ ಸಡಿಲ. ಬಿಗಿಯಾದಾಗ ಕೆಲವರು ಒಳಗಿನಿಂದ ಸಿಕ್ಕಾಪಟ್ಟೆ ಅರೆದು ಕೂರಿಸಿಬಿಡುತ್ತಾರೆ. ಅಂಥ ಕ್ಯಾಪ್ ಹಲ್ಲಿನ ಮೇಲೆ ಕೂರುತ್ತದೆ, ಆದರೆ ಹಿಡಿಯುವುದಿಲ್ಲ. ನಾನು ಅಂಥದ್ದನ್ನು ಮತ್ತೆ ಮೇಣದಿಂದ ಶುರು ಮಾಡುತ್ತೇನೆ. ಒಂದು ದಿನ ತಡವಾಗುತ್ತದೆ, ಬೈಸಿಕೊಳ್ಳುತ್ತೇನೆ. ಆದರೂ ಹಾಗೇ ಮಾಡುತ್ತೇನೆ.

ಇನ್ನೊಂದು ಕೇಳಿಕೆ, ಪೇಷಂಟುಗಳಿಗೆ. ಕೃತಕ ಓಲೆ, ಸರ ಹಾಕಿದರೆ ಚರ್ಮ ಕೆಂಪಾಗಿ ತುರಿಸುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಅದು ಎಷ್ಟೋ ಸಲ ನಿಕ್ಕಲ್ ಅಲರ್ಜಿ. ಅಂಥವರಿಗೆ ನಿಕ್ಕಲ್ ಇಲ್ಲದ್ದನ್ನು ಅಥವಾ ಜಿರ್ಕೋನಿಯಾ (ಬಿಳಿಯ ಗಟ್ಟಿ ಪಿಂಗಾಣಿ) ಕ್ಯಾಪ್ ಮಾಡಿಕೊಡಬಹುದು. ಇನ್ನು ಲ್ಯಾಬಿನ ತಮ್ಮಂದಿರಿಗೆ: ಕೆಲವು ಅಗ್ಗದ ಮಿಶ್ರಲೋಹದಲ್ಲಿ ಬೆರಿಲಿಯಂ ಇರುತ್ತದೆ. ಅರೆಯುವಾಗ ಅದರ ಧೂಳು ಶ್ವಾಸಕೋಶ ಹಾಳು ಮಾಡುತ್ತದೆ. ಡಬ್ಬಿಯ ಮೇಲೆ ಓದಿ ತಗೊಳ್ಳಿ. ಮಾಸ್ಕ್ ಇಲ್ಲದೆ, ಧೂಳು ಎಳೆಯುವ ಯಂತ್ರ ಇಲ್ಲದೆ ಕೂರಬೇಡಿ. ಸೆಖೆ ಅಂತ ಮಾಸ್ಕ್ ತೆಗೆದಿಡುವ ಹುಡುಗರನ್ನು ದಿನಾ ನೋಡುತ್ತೇನೆ. ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುವುದು ಬಿಡುವುದಿಲ್ಲ.

ಹಟ್ಟಿ ಕಾಲೊನಿ (ಲಿಂಗಸುಗೂರು ತಾಲೂಕು):
ನಮ್ಮಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಅವರಿಗೆ ಮೂವತ್ತು ವರ್ಷಕ್ಕೂ ಹಿಂದೆ ಹಾಕಿದ ಬಂಗಾರದ ಕ್ಯಾಪ್ ಇದೆ. ಇನ್ನೂ ಅಲುಗಿಲ್ಲ. ಬಂಗಾರ ಅಂದರೆ ಹಾಗೇನಾ? ನನ್ನ ಬಾಯಲ್ಲಿ ಹಳೇ ಬೆಳ್ಳಿ ಫಿಲ್ಲಿಂಗ್ ಇದೆ. ಪಾದರಸ ಅಂತ ಕೇಳಿ ಭಯ. ತೆಗೆಸಬೇಕಾ?

ಎರಕದ ಮನೆ:
ಅಣ್ಣಾ, ಬಂಗಾರದ ಮಿಶ್ರಲೋಹ ಎರಕಕ್ಕೆ ಬಹಳ ಒಳ್ಳೆಯದು. ಕಡಿಮೆ ಬಿಸಿಗೆ ಕರಗುತ್ತದೆ, ಕುಗ್ಗುವುದೂ ಕಡಿಮೆ. ಮೆದು ಇರುವುದರಿಂದ ಅಂಚನ್ನು ಹಲ್ಲಿಗೆ ಒತ್ತಿ ಉಜ್ಜಿ ಸಂದೇ ಇಲ್ಲದ ಹಾಗೆ ಕೂರಿಸಬಹುದು. ತುಕ್ಕಿಲ್ಲ. ಆದರೆ ನಿಮ್ಮಪ್ಪನ ಹಲ್ಲನ್ನು ಅರೆದ ಡಾಕ್ಟರ ಕೈಗೂ ಕೈ ಮುಗಿಯಬೇಕು.

ಗಾಜಿನ ಹಲಗೆ:
ಬೆಳ್ಳಿ ಫಿಲ್ಲಿಂಗಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಸೇರಿ ಗಟ್ಟಿಯಾದ ಮೇಲೆ ಅದು ಬೇರೆಯೇ ವಸ್ತು. ಫಿಲ್ಲಿಂಗ್ ಗಟ್ಟಿಯಿದ್ದು ಅಂಚಿನಲ್ಲಿ ಹುಳುಕಿಲ್ಲದಿದ್ದರೆ ಭಯಕ್ಕೆ ತೆಗೆಸಬೇಡಿ. ಕೊರೆಯುವಾಗಲೇ ಪಾದರಸದ ಆವಿ ಜಾಸ್ತಿ ಬರುವುದು. ಯುರೋಪಿನ ಒಕ್ಕೂಟ 2025ರ ಜನವರಿ 1ರಿಂದ ಅದನ್ನು ಬಹುತೇಕ ನಿಲ್ಲಿಸಿದೆ. ಅಲ್ಲಿ ದೊಡ್ಡ ಕಾರಣ ಪಾದರಸ ಮಣ್ಣಿಗೆ, ನೀರಿಗೆ ಸೇರುವುದು. ಹೊಸದಾಗಿ ತುಂಬಿಸುವುದಾದರೆ ಬೇರೆ ದಾರಿಗಳಿವೆ.

ಬಿಡಿಎಸ್ ಕೊನೇ ವರ್ಷ:
ಸರ್, ಜಿರ್ಕೋನಿಯಾ ಕ್ಯಾಪಿನ ಬಗ್ಗೆ ಒಂದು. ಬಾಯಲ್ಲಿ ಕೂರಿಸಿ ನೋಡಿ ತೆಗೆದ ಮೇಲೆ ಎಂಜಲು ಹೋಗಲಿ ಅಂತ ಆಮ್ಲದ ಜೆಲ್ ಹಾಕಿ ತೊಳೆಯುತ್ತೇವೆ. ಸರಿನಾ?

ಗಾಜಿನ ಹಲಗೆ:
ಬೇಡಪ್ಪಾ. ಈ ತಪ್ಪು ತುಂಬಾ ಕಡೆ ನಡೆಯುತ್ತದೆ. ಜಿರ್ಕೋನಿಯಾಕ್ಕೆ ಫಾಸ್ಫೇಟ್ ಅಂದರೆ ಬಹಳ ಸೆಳೆತ. ಎಂಜಲಲ್ಲಿಯೂ ಫಾಸ್ಫೇಟ್ ಇದೆ, ಫಾಸ್ಫಾರಿಕ್ ಆಮ್ಲದಲ್ಲಿಯೂ ಇದೆ. ಅದು ಹೋಗಿ ಜಾಗ ಹಿಡಿದು ಕೂತರೆ, ಅಂಟಿಸಲು ಹಚ್ಚುವ ಎಂಡಿಪಿಗೆ ಜಾಗವೇ ಉಳಿಯುವುದಿಲ್ಲ. ಎಂಡಿಪಿ ಜಪಾನಿನ ಕುರಾರೆಯವರು 1980ರ ದಶಕದಲ್ಲಿ ತಂದ ಅಣು. ಅದೂ ತನ್ನ ಫಾಸ್ಫೇಟ್ ತುದಿಯಿಂದಲೇ ಹಿಡಿಯುವುದು. ಒಳಮೈಗೆ ಹಗುರ ಒತ್ತಡದಲ್ಲಿ 50 ಮೈಕ್ರಾನ್ ಅಲ್ಯುಮಿನಾ ಪುಡಿ ಊದು, ಇಲ್ಲವೇ ಅದಕ್ಕೆಂದೇ ಇರುವ ಕ್ಲೀನರ್ ಬಳಸು. ಆಮೇಲೆ ಬೆರಳು ತಾಗಿಸಬೇಡ. ಹಾಗೇ ತಾತ್ಕಾಲಿಕ ಕ್ಯಾಪಿಗೆ ಲವಂಗದೆಣ್ಣೆಯ ಸಿಮೆಂಟು ಹಾಕಿದ್ದರೆ, ಅದರ ಯೂಜಿನಾಲ್ ರೆಸಿನ್ ಗಟ್ಟಿಯಾಗುವುದನ್ನು ಕೆಡಿಸುತ್ತದೆ. ಮುಂದೆ ರೆಸಿನ್ ಬಳಸುವ ಯೋಚನೆ ಇದ್ದರೆ ಯೂಜಿನಾಲ್ ಇಲ್ಲದ್ದನ್ನು ಮೊದಲಿಂದಲೇ ತಗೋ.

ತುಂಗಭದ್ರಾ ದಂಡೆ (ಮೂರು ವಾರದ ನಂತರ):
ಎಲ್ಲರಿಗೂ ಮತ್ತೆ ನಮಸ್ಕಾರ. ರಾಯಚೂರಿನ ಡೆಂಟಲ್ ಕಾಲೇಜಿಗೆ ನಾಲ್ಕು ಸಲ ಹೋಗಿ ಬಂದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಸಂಜೆಯಾಗುತ್ತಿತ್ತು. ಆದರೆ ಕೂರಿಸಿಕೊಂಡು ಎಲ್ಲಾ ತೋರಿಸಿ ಹೇಳಿದರು. ಬೊಡ್ಡೆ 2 ಮಿಲಿಮೀಟರ್ ಕೂಡ ಇರಲಿಲ್ಲವಂತೆ. ನಾಲಿಗೆ ಕಡೆ ಪೂರ್ತಿ ಹುಳುಕು. ಬೇರು ಗಟ್ಟಿ ಇತ್ತು, ಅದೊಂದು ಸಮಾಧಾನ. ವಸಡನ್ನು ಸ್ವಲ್ಪ ಕೆಳಗಿಳಿಸಿ, ಬೊಡ್ಡೆ ಕಟ್ಟಿ, ಹೊಸದಾಗಿ ಅಳತೆ ತೆಗೆದರು. ಹಳೇ ಕ್ಯಾಪ್ ಕೈಗೆ ಕೊಟ್ಟರು.

ಅವ್ವನಿಗೆ ಹಬ್ಬದ ಹೊತ್ತಿಗೆ ಓಲೆ ಹಾಕಿದರೆ ಕಿವಿ ಕೆಂಪಾಗುವುದು ನೆನಪಾಯಿತು. ಇಲ್ಲಿ ಓದದಿದ್ದರೆ ಹೇಳುತ್ತಲೇ ಇರಲಿಲ್ಲ. ಹೇಳಿದ್ದಕ್ಕೆ ನಿಕ್ಕಲ್ ಇಲ್ಲದ ಲೋಹದಲ್ಲಿ ಮಾಡಿಸಿದರು. ಇವತ್ತು ಗ್ಲಾಸ್ ಅಯಾನೊಮರ್ ಹಾಕಿ ಕೂರಿಸಿದರು. ಹತ್ತಿ ಕಚ್ಚಿಸಿ ಹತ್ತು ನಿಮಿಷ ಕೂರಿಸಿದರು, ನಾನು ಗಡಿಯಾರ ನೋಡಿಕೊಂಡೇ ಇದ್ದೆ. ಅವ್ವ ಬಸ್ಸಿನಲ್ಲಿ ಕೇಳಿದ್ದು ಒಂದೇ ಮಾತು, ಆ ಕಡೆಯಿಂದ ರೊಟ್ಟಿ ಯಾವಾಗ ತಿನ್ನಬಹುದು ಅಂತ.

ಗಾಜಿನ ಹಲಗೆ:
ನಾಳೆ ಸಂಜೆಯವರೆಗೆ ಬಲಗಡೆಯಿಂದ ಉಣ್ಣಲಿ. ಆಮೇಲೆ ಎರಡು ದಿನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಿ. ಅದು ಸರಿ ಅನ್ನಿಸಿದರೆ ಖಡಕ್ ರೊಟ್ಟಿ ತಿನ್ನಲಿ. ಚಿಕ್ಕಿ ಮಾತ್ರ ಆ ಕಡೆ ಬೇಡ. ಕ್ಯಾಪಿನ ಬುಡದ ಸುತ್ತ ದಿನಾ ಮೆತ್ತನೆ ಬ್ರಷ್ ಆಡಿಸಲಿ. ಆರು ತಿಂಗಳಿಗೆ ಒಮ್ಮೆ ತೋರಿಸಿ, ಅಲುಗದಿದ್ದರೂ ತೋರಿಸಿ.

ಕುಷ್ಟಗಿ ಟೀಚರ್:
ತಮ್ಮಾ, ಓದಿ ಖುಷಿಯಾಯಿತು. ನಮ್ಮ ಮನೆಯ ನೀರಿನ ಪರೀಕ್ಷೆ ವರದಿ ನಿನ್ನೆ ಬಂತು. ಲೀಟರಿಗೆ 2.3 ಮಿಲಿಗ್ರಾಂ. ಚಿಕ್ಕವಳಿಗೆ ಫಿಲ್ಟರ್ ನೀರು ಶುರು ಮಾಡಿದ್ದೇವೆ. ವರದಿಯನ್ನು ಸೋಮವಾರ ಶಾಲೆಗೆ ತಗೊಂಡು ಹೋಗುತ್ತೇನೆ, ಶಾಲೆಯ ಬೋರ್ ನೀರನ್ನೂ ಪರೀಕ್ಷೆಗೆ ಕಳಿಸಬೇಕು.